ಕಾಜಾ ಅಕ್ಕನ ಹ್ಯಾಂಡ್‌ಬ್ರೇಕ್

ಸ್ವಲ್ಪ ಮೆತ್ತಗೆ ಮಾತಾಡೋಣ, ಒಳಗೆ ಮಗು ಮಲಗಿದೆ. ನಗಬೇಕು ಅನ್ನೋರು ಈಗಲೇ ನಕ್ಕುಬಿಡಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನನ್ನ ಮೈದುನನಿಗೇ ಆಗಿದ್ದು. ನಮ್ಮ ಯಜಮಾನರ ಚಿಕ್ಕಪ್ಪನ ಮಗ. ಯಾವಾಗ ನೋಡಿದರೂ ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ಓಡಾಡ್ತಿದ್ದ ಅಂತ ಬೀದಿಯವರು ಅವನಿಗೆ ಸ್ಪ್ಯಾನರ್ ಅಂತಲೇ ಹೆಸರಿಟ್ಟಿದ್ದರು. ಹಿಡಿದಷ್ಟು ಕೆಲಸ ಮಾಡಿದ್ದಿಲ್ಲ, ಆ ಮಾತು ಬೇರೆ.

ಅವತ್ತು ರಾತ್ರಿ ಗೆಳೆಯನ ಮನೆಯಿಂದ ನಡೆದುಕೊಂಡು ಬರ್ತಿದ್ದ. ಬೀದಿ ಕೊನೆಯಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಹತ್ತಿರ ಬಂದಾಗ ಒಳಗಿಂದ ಸದ್ದು. ಕಟ್... ಕಟ್... ಕಟ್... ಕಟ್. ಕಪ್ಪೆ ಅಲ್ಲ. ನೀರು ತೊಟ್ಟಿಕ್ಕಿದ್ದೂ ಅಲ್ಲ. ಹ್ಯಾಂಡ್‌ಬ್ರೇಕ್ ಎಳೆದಾಗ ಲಿವರ್ ಒಂದೊಂದೇ ಹಲ್ಲು ಹತ್ತುತ್ತಲ್ಲ, ಆ ಸದ್ದು. ಆಮೇಲೆ ಟಣ್ ಅಂತ ತಂತಿ ಹರಿದ ಹಾಗೆ. ಆಮೇಲೆ... ಕಿವಿ ಪಕ್ಕದಲ್ಲೇ ಪಿಸುಮಾತು.

"ಎಳೆದಿದ್ದೆ ಕಣೋ."

ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿದನಂತೆ. ಯಾರ ದನಿ ಅಂತ ಗೊತ್ತಾಗಿಹೋಗಿತ್ತು.

ನಿಮಗೂ ಗೊತ್ತಾಗಬೇಕು ಅಂದ್ರೆ ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮ ಬೀದಿಯಲ್ಲಿ ಒಬ್ಬಳು ಟೈಲರ್ ಇದ್ದಳು. ಅಂಗಿಗೆ ಗುಂಡಿ ತೂರಿಸೋ ಕಾಜಾ ಇರುತ್ತಲ್ಲ, ಅದನ್ನ ಮೆಷಿನ್ನಿಗೆ ಕೊಡದೆ ಕೈಯಲ್ಲೇ ಹೊಲಿಯೋಳು. ಒಂದು ಹೊಲಿಗೆ ಓರೆ ಇರ್ತಿರಲಿಲ್ಲ. ಕತ್ತರಿ ಮಡಿಲಲ್ಲೇ ಇದ್ದರೂ ದಾರವನ್ನ ಹಲ್ಲಲ್ಲಿ ಕಚ್ಚಿ ಕುಟುಕ್ ಅಂತ ಹರಿಯೋಳು. ಅದಕ್ಕೇ ಕಾಜಾ ಅಕ್ಕ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಹೊಲಿದ ಬಟ್ಟೆ ಅಂಗಡಿಗಳಿಗೆ ಮುಟ್ಟಿಸೋಕೆ ಒಂದು ಹಳೇ ಕಾರು. ಮನೆ ಇರೋದು ಇಳಿಜಾರಿನ ತಳದಲ್ಲಿ. ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಂದು ಗೇಟು ತೆಗೀಬೇಕು.

"ಲಿವರ್ ಪೂರ್ತಿ ಮೇಲೆ ಬಂದರೂ ಹಿಡೀತಿಲ್ಲ, ಒಂಚೂರು ನೋಡಿಕೊಡೋ" ಅಂತ ಸ್ಪ್ಯಾನರ್‌ಗೆ ಹೇಳಿದಳು.

ಇವನು ಮನೆ ಅಂಗಳದಲ್ಲೇ ಶುರುಮಾಡಿದ. ಸರಿಯಾಗಿ ಮಾಡೋದಾದರೆ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನದನ್ನ ಜ್ಯಾಕ್ ಹಾಕಿ ಎತ್ತಿ, ಚಕ್ರ ಬಿಚ್ಚಿ, ಬ್ರೇಕ್ ಎಷ್ಟು ಸವೆದಿದೆ ನೋಡಿ, ಆಮೇಲೆ ಲಿವರಿನಿಂದ ಬ್ರೇಕಿಗೆ ಹೋಗೋ ಕೇಬಲ್ ಬಿಗಿ ಮಾಡಬೇಕು. ಮೈಗಳ್ಳ ನನ್ನ ಮೈದುನ. ಲಿವರ್ ಬುಡದ ಹೊದಿಕೆ ತೆಗೆದು ನಟ್ಟು ತಿರುಗಿಸಿದ, ಅಷ್ಟೇ. ತಿರುಗಿಸುವಾಗ ಕಣ್ಣಾರೆ ಕಂಡಿದೆ... ಕೇಬಲ್ಲಿನ ತಂತಿ ಎಳೆ ಎಳೆಯಾಗಿ ಬಿಟ್ಟುಕೊಂಡು, ಮೂರೋ ನಾಲ್ಕೋ ಉಳಿದಿರೋದು. ಹೊಸದು ತರೋಕೆ ಬಿಸಿಲಲ್ಲಿ ಯಾರು ಹೋಗ್ತಾರೆ ಅಂತ ಸುಮ್ಮನಾದ.

"ಗಟ್ಟಿಯಾಗಿದೆ ಅಕ್ಕ, ಧೈರ್ಯವಾಗಿ ಓಡಿಸು" ಅಂದ.

ವಾರ ಆಗಿತ್ತೋ ಇಲ್ಲವೋ. ಕಾಜಾ ಅಕ್ಕ ಬ್ರೇಕ್ ಎಳೆದು ಇಳಿದಳು. ಗೇಟಿನ ಚಿಲಕಕ್ಕೆ ಕೈ ಹಾಕಿದಳು. ಹಿಂದಿನಿಂದ ಕಾರು ಬಂತು. ಗೇಟಿಗೂ ಕಾರಿಗೂ ನಡುವೆ... ಬಿಡಿ, ಬೇಡ. ಸದ್ದು ಕೇಳಿ ಮೊದಲು ಹೊರಗೆ ಬಂದಿದ್ದು ಅವಳ ತಾಯಿ.

ಈಗ ಇವನ ಕೆಲಸ ಕೇಳಿ. ಎಲ್ಲರೂ ಅವಳನ್ನ ಎತ್ತಿಕೊಂಡು ಆಸ್ಪತ್ರೆಗೆ ಓಡಿದರೆ, ಇವನು ಕಾರು ದಾರಿಗೆ ಅಡ್ಡ ಅಂತ ಹೇಳಿ ತನ್ನ ಅಂಗಳಕ್ಕೆ ತಂದ. ಹರಿದ ಕೇಬಲ್ ಕಿತ್ತು ಹೊಸದು ಹಾಕಿದ. ಆಗ ಮಾತ್ರ ಬಿಸಿಲು ಸುಡಲಿಲ್ಲ ನೋಡಿ. ಹಳೇದನ್ನ ಸುತ್ತಿ ಬಾವಿಯ ಜಾಲರಿ ಸಂದಿಯಿಂದ ಒಳಗೆ ಬಿಟ್ಟ. ಅವಳು ಉಳಿಯಲಿಲ್ಲ. ಮಾರನೇ ದಿನ ಪೊಲೀಸಿನವರು ಎಳೆದು ನೋಡಿದರೆ ಬ್ರೇಕ್ ಸರಿಯಾಗಿದೆ.

"ಪಾಪ, ಎಳೆಯೋದೇ ಮರೆತಿದ್ದಾಳೆ" ಅಂದ ಇವನು.

ಬೀದಿಯೆಲ್ಲ ಅದೇ ಮಾತು. ಕಾರು ಕಲಿಯೋ ಹುಡುಗಿಯರಿಗೆ, "ಕಾಜಾ ಅಕ್ಕನ ಥರ ಹಾಗೇ ಇಳಿದುಬಿಟ್ಟೀಯಾ" ಅಂತ ತಮಾಷೆ. ಅದೂ ಆ ತಾಯಿಯ ಎದುರಿಗೇ. ನನಗೇ ಈಗಲೂ ಹೊಟ್ಟೆ ಉರಿಯುತ್ತೆ, ಸತ್ತವಳಿಗೆ ಎಷ್ಟು ಉರಿದಿರಬೇಕು.

ಬಾವಿ ಹತ್ತಿರ ಆ ದನಿ ಕೇಳಿದ ರಾತ್ರಿಯಿಂದ ಸದ್ದು ಅವನ ಮನೆಗೇ ಬಂತು. ಮಂಚದ ಕೆಳಗೆ ಕಟ್... ಕಟ್... ಕಟ್. ಆಮೇಲೆ ಟಣ್. ಆಮೇಲೆ ಪಿಸುಮಾತು.

"ಅಮ್ಮನಿಗೆ ಹೇಳು."

ತಡೆಯೋಕಾಗದೆ ಒಂದು ಸಂಜೆ ಕಾಜಾ ಅಕ್ಕನ ಮನೆಗೆ ಹೋದ. ಆಯಮ್ಮ ಮಗಳ ಮೆಷಿನ್ ಒರೆಸ್ತಾ ಕೂತಿದ್ದರು. ಇವನು ಬಾಯಿ ತೆಗೆಯೋ ಮೊದಲೇ ಅವರೇ ಕೇಳಿದರು.

"ಬ್ರೇಕ್ ನೋಡಿದವನು ನೀನು. ನಿಜ ಹೇಳಪ್ಪಾ, ಅವಳು ಮರೆತಳಾ? ರಾತ್ರಿ ಸೂಜಿಯನ್ನೂ ಎಣಿಸಿಟ್ಟು ಮಲಗ್ತಿದ್ದೋಳು ಅವಳು."

ಹೇಳಬಹುದಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾರಿಗಾದರೂ ಒಂದೊಂದು ಸಲ ಮರೆವು ಬರುತ್ತಮ್ಮ" ಅಂದು ಎದ್ದು ಬಂದ.

ಆ ರಾತ್ರಿ ಕಟ್ ಕಟ್ ಇಲ್ಲ. ಟಣ್ ಇಲ್ಲ. ಒಂದೇ ಒಂದು ಮಾತು.

"ಸರಿ ಬಿಡು."

ಮಾರನೇ ದಿನ ಹೆದರಿಕೊಂಡು ತನ್ನ ಸ್ವಂತ ಕಾರಿಗೆ ಹೊಸ ಕೇಬಲ್ ತಂದ. ಜನ್ಮದಲ್ಲಿ ಮೊದಲನೇ ಸಲ ಸರಿಯಾಗಿ ಕೆಲಸ ಮಾಡಿದ. ಕಲ್ಲು ಕೊಟ್ಟ, ಎತ್ತಿದ, ಚಕ್ರ ಬಿಚ್ಚಿದ, ಎಲ್ಲಾ ಆಯ್ತು. ನಾನೇ ಕಾಫಿ ಕೊಡೋಕೆ ಹೋದಾಗ ಕೇಬಲ್ ನೋಡಿದೀನಿ, ಎಣ್ಣೆ ಹಚ್ಚಿ ಫಳಫಳ ಅಂತಿತ್ತು. ಇನ್ನೊಂದು ಮಾತು, ಅವನ ಮನೆ ಮುಂದೆ ಇಳಿಜಾರೇ ಇಲ್ಲ. ಗೋಲಿ ಇಟ್ಟರೂ ಉರುಳಲ್ಲ.

ಕೆಲಸದಿಂದ ಬಂದ ಒಂದು ರಾತ್ರಿ, ಲಿವರ್ ಎಳೆದ. ಇಳಿದ. ಗೇಟಿನ ಚಿಲಕಕ್ಕೆ ಕೈ ಹಾಕಿದ. ಹಿಂದಿನಿಂದ... ಕುಟುಕ್. ಹಲ್ಲಲ್ಲಿ ದಾರ ಕಚ್ಚಿದ ಸದ್ದು. ತಿರುಗೋಷ್ಟರಲ್ಲಿ ಕಾರು ಎದೆಗೆ ಬಂದಿತ್ತು.

ನಾವು ಓಡಿ ಹೋದಾಗ ಗೇಟಿಗೆ ಒರಗಿಕೊಂಡು ಒಂದೇ ಸಮನೆ ಹೇಳ್ತಿದ್ದ. "ಎಳೆದಿದ್ದೆ ಅತ್ತಿಗೆ... ನಾನು ಎಳೆದಿದ್ದೆ..."

ಹಿಂದೆ ನಿಂತಿದ್ದ ಯಾರೋ, "ಮರೆತಿರ್ತಾನೆ ಬಿಡಿ" ಅಂದರು. ಅವನಿಗೆ ಅದು ಕೇಳಿಸ್ತು. ಅವನ ಮುಖ ನೋಡಿದೆ ನಾನು.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಇದಿಷ್ಟನ್ನೂ ಅವನೇ ಬಾಯಿಬಿಟ್ಟು ಹೇಳಿದ. ಆಯಮ್ಮನ್ನ ಕರೆಸಿದೆವು. "ಅವಳು ಎಳೆದಿದ್ದಳಮ್ಮ" ಅಂದ. ಆಯಮ್ಮ ಅಳಲಿಲ್ಲ, ಬೈಯಲಿಲ್ಲ. "ಜೋರಾಗಿ ಹೇಳು" ಅಂದರು. ವಾರ್ಡಿನವರಿಗೆಲ್ಲ ಕೇಳೋ ಹಾಗೆ ಹೇಳಿದ. ಬೆಳಗಿನ ಜಾವಕ್ಕೆ ಹೋದ.

ಆಮೇಲೆ ಗ್ಯಾರೇಜಿನವರು ಅವನ ಕಾರಿನ ಲಿವರ್ ಬುಡ ಬಿಚ್ಚಿದರು. ಹೊಸ ಕೇಬಲ್ ಇರಲಿಲ್ಲ. ಅದರ ಜಾಗದಲ್ಲಿ ತುಕ್ಕು ಹಿಡಿದ ಹಳೇದು, ಬಾವಿಯ ಕೆಸರು ಮೆತ್ತಿಕೊಂಡಿರೋದು. ಹರಿದಿದ್ದ ಕಡೆ ಎರಡು ತುದಿಯನ್ನೂ ಸೇರಿಸಿ ನೀಲಿ ದಾರದಲ್ಲಿ ಕಾಜಾ ಹೊಲಿದಿತ್ತು. ಒಂದು ಹೊಲಿಗೆ ಓರೆ ಇಲ್ಲ. ನಡುವೆ ಮಾತ್ರ ದಾರ ಕಚ್ಚಿ ಹರಿದಿತ್ತು.

ನಂಬದಿದ್ದರೆ ಬಿಡಿ. ನಾನು ಈ ಕೈಯಲ್ಲೇ ಹಿಡಿದು ನೋಡಿದೀನಿ. ಕೇಬಲ್ಲಿಂದ ಇನ್ನೂ ನೀರು ಸೋರ್ತಿತ್ತು. ದಾರ ಮಾತ್ರ ಈಗಷ್ಟೇ ಉಂಡೆಯಿಂದ ಬಿಚ್ಚಿದ ಹಾಗೆ ಒಣಗಿತ್ತು.