ಮುಚ್ಚಳ ತೆಗೆಯುವ ಮೊದಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಿರ್ದೇಶಕರೇ, ಮೂವತ್ತೊಂದು ವರ್ಷ ನನ್ನ ಗೊಣಗಾಟ ಸಹಿಸಿಕೊಂಡ ಸಹೋದ್ಯೋಗಿಗಳೇ, ಅವರ ಮನೆಯವರೇ, ಸಭಿಕರೇ,

ನನ್ನ ನಿವೃತ್ತಿಯ ನೆಪದಲ್ಲಿ ನಿರ್ದೇಶಕರು ಈಗಷ್ಟೇ ಹೊಗಳುತ್ತಿದ್ದಾಗ, ಇದು ಯಾರ ವಿಷಯವಪ್ಪಾ ಎಂದು ನಾನೂ ಒಮ್ಮೆ ಹಿಂದೆ ತಿರುಗಿ ನೋಡಿದೆ. ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಬೆಳಕಿನಿಂದ ವೈರಸ್ ಕೊಲ್ಲುವ ವಿಧಾನವನ್ನು ಈ ಪ್ರಯೋಗಾಲಯಕ್ಕೆ ತಂದವಳು ನಾನು ಎಂದರು. ಅಲ್ಲ. ತಂದವರು ನಮ್ಮ ಡಾಕ್ಟರಮ್ಮ. ನಾನು ಬರೀ ತಂತ್ರಜ್ಞೆ. ಅದು ನಡೆಯುವುದಿಲ್ಲ ಎಂದು ತೋರಿಸಲು ಹೊರಟವಳು.

ಯಾಕೆ ಹಾಗೆ ಹೊರಟೆ? ನನ್ನ ಅಕ್ಕನೂ ಇಲ್ಲೇ, ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿದ್ದಳು. ಹದಿನೇಳು ವರ್ಷದ ಹಿಂದೆ ಒಂದು ಸೋಮವಾರ, ರೋಗಿಯೊಬ್ಬರ ಗಂಟಲಿನ ಮಾದರಿಯ ಮುಚ್ಚಳ ತೆಗೆಯುವಾಗ ದ್ರವ ಚಿಮ್ಮಿ ಅವಳ ಕಣ್ಣಿಗೆ ಬಿತ್ತು. ಸೋಂಕು ತಗುಲಿ ಹನ್ನೆರಡನೇ ದಿನ ತೀರಿಕೊಂಡಳು. ಆ ಸೋಮವಾರದ ಪಾಳಿ ನನ್ನದು. "ಜ್ವರ ಕಣೇ" ಎಂದು ಬೆಳಿಗ್ಗೆ ಫೋನ್ ಮಾಡಿದ್ದೆ. "ಮಲ್ಕೋ, ನಾನು ನೋಡ್ಕೋತೀನಿ" ಅಂದಳು. ನನಗೆ ಜ್ವರ ಇರಲಿಲ್ಲ. ಬೇರೆ ಕಡೆ ಕೆಲಸಕ್ಕೆ ಸಂದರ್ಶನವಿತ್ತು.

ಇದು ನಾನು ಬರೆದು ತಂದ ಹಾಳೆಯಲ್ಲಿಲ್ಲ. ಎರಡನೇ ಸಾಲಿನಲ್ಲಿ ಕೂತಿರುವ ಭಾವನಿಗೂ ಇದು ಇವತ್ತೇ ಗೊತ್ತಾಗುತ್ತಿದೆ. ಆ ಕೆಲಸ ನನಗೆ ಸಿಕ್ಕಿತು. ನಾನು ಹೋಗಲಿಲ್ಲ. ಇರಲಿ, ಮುಂದುವರಿಸುತ್ತೇನೆ.

ಮಾದರಿಯನ್ನು ಕಾಯಿಸಿದರೆ ವೈರಸ್ ಸಾಯುತ್ತದೆ, ಆದರೆ ಪರೀಕ್ಷೆಯಲ್ಲಿ ನಾವು ಹುಡುಕುವ ಪ್ರೋಟೀನೂ ಕೆಡುತ್ತದೆ. ಡಾಕ್ಟರಮ್ಮ ಹೇಳಿದ್ದು ಬೇರೆ ದಾರಿ. ನಳಿಕೆಯೊಳಗೆ ಮೊದಲೇ ಒಂದು ನೀಲಿ ಬಣ್ಣ ಹಾಕಿಡುವುದು. ಮುಚ್ಚಳ ತೆಗೆಯುವ ಮೊದಲು ಕೆಂಪು ದೀಪದಡಿ ಇಡುವುದು. ಬೆಳಕು ಬಿದ್ದಾಗ ಬಣ್ಣ ಎಚ್ಚರಗೊಂಡು ವೈರಸ್ಸಿನ ಒಳತಿರುಳನ್ನು ಕತ್ತರಿಸುತ್ತದೆ. ಹೊರಗಿನ ಪ್ರೋಟೀನು ಬಹುಪಾಲು ಹಾಗೇ ಉಳಿಯುತ್ತದೆ. ಸೋಂಕು ಹೋಗುತ್ತದೆ, ಗುರುತು ಉಳಿಯುತ್ತದೆ.

ಬೆಳಕು ಕಂಡ ಮಾದರಿಗಳನ್ನು ಜೀವಕೋಶಗಳ ಮೇಲೆ ಹಾಕಿ ದಿನಗಟ್ಟಲೆ ಕಾದೆವು. ಒಂದರಲ್ಲೂ ವೈರಸ್ ಬೆಳೆಯಲಿಲ್ಲ. "ಇನ್ನೇನು, ಬಳಕೆಗೆ ತರೋಣ" ಎಂದರು ಡಾಕ್ಟರಮ್ಮ. "ಇವೆಲ್ಲ ತಿಳಿಯಾದ ಮಾದರಿ, ಮೇಡಂ. ಕಫ, ರಕ್ತ ಬೆರೆತದ್ದು ನೋಡಿಲ್ಲ" ಎಂದೆ. "ನಿಮಗೆ ಎಲ್ಲದರಲ್ಲೂ ಅನುಮಾನ" ಎಂದರು. ಹೌದು, ನನ್ನ ಗಂಡನೂ ಅದನ್ನೇ ಹೇಳುತ್ತಾರೆ.

ಅಂಥ ನಲವತ್ತು ಮಾದರಿ ಮಾಡಿದೆ. ಮೂರರಲ್ಲಿ ವೈರಸ್ ಬದುಕಿತ್ತು. ಬೆಳಕು ಒಳಗೆ ಇಳಿದಿರಲಿಲ್ಲ. ಡಾಕ್ಟರಮ್ಮ ಆ ಮೂರರ ಜೀವಕೋಶದ ತಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕುರ್ಚಿ ಎಳೆದುಕೊಂಡು ಕೂತರು. "ಇದನ್ನು ಯಾರಾದರೂ ನಂಬಿ ಮುಚ್ಚಳ ತೆಗೆದಿದ್ದರೆ?" ಎಂದರು. ಉತ್ತರ ನಮ್ಮ ಮನೆಯಲ್ಲೇ ಇತ್ತಲ್ಲ.

ದುಂಡು ನಳಿಕೆ ಬಿಟ್ಟು ಚಪ್ಪಟೆಯಾದ್ದನ್ನು ಮಾಡಿಸಿದೆವು, ದೀಪದಡಿ ಅಲುಗಾಡಿಸುವ ಹಲಗೆ ಇಟ್ಟೆವು. ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಕಫ, ರಕ್ತ ಬೆರೆತ ನೂರಾ ಇಪ್ಪತ್ತು ಮಾದರಿಗಳಲ್ಲಿ ಒಂದರಲ್ಲೂ ವೈರಸ್ ಉಳಿಯಲಿಲ್ಲ. ಆಗ, ಬಳಕೆಗೆ ತರಬಹುದು ಎಂದು ಸಹಿ ಹಾಕಿದೆ. ಈ ಆರು ವರ್ಷದಲ್ಲಿ ಆ ಮೇಜಿನಲ್ಲಿ ಕೂತವರಲ್ಲಿ ಒಬ್ಬರಿಗೂ ಸೋಂಕು ತಗುಲಿಲ್ಲ. ಕೈಗವಸು ಮಾತ್ರ ಬಿಡಬೇಡಿ ಎಂದು ಈಗಲೂ ಬೈಯುತ್ತೇನೆ. ನಾಳೆಯಿಂದ ಬೈಯುವ ಕೆಲಸ ಬೇರೆಯವರು ವಹಿಸಿಕೊಳ್ಳಲಿ.

ಡಾಕ್ಟರಮ್ಮನಿಗೆ, ಅಧ್ಯಕ್ಷರಿಗೆ, ಇಷ್ಟು ಹೊತ್ತು ಅಲುಗಾಡದೆ ಕೂತ ನಿಮಗೆಲ್ಲ ನನ್ನ ಕೃತಜ್ಞತೆಗಳು. ಭಾವ, ದಯವಿಟ್ಟು ಹಾಗೇ ಹೊರಟುಬಿಡಬೇಡಿ. ಬಾಗಿಲ ಹತ್ತಿರ ನಿಂತಿರುತ್ತೇನೆ. ಏನು ಕೇಳಬೇಕೋ ಕೇಳಿ, ಏನು ಅನ್ನಬೇಕೋ ಅನ್ನಿ.

ಎಲ್ಲರಿಗೂ ನಮಸ್ಕಾರ.