ಮಾತಿನಲ್ಲಿ ಸ್ಪಷ್ಟತೆ ಇಲ್ಲ

ಯಾಕೆ ನಗ್ತೀಯ? ನಾನೇನು ಸುಳ್ಳು ಹೇಳ್ತಿದೀನಾ? ದೇವ್ರಾಣೆ ಕಣೇ ಭವ್ಯಾ, ಹಂಗೇ ಕೇಳ್ದ ಆ ಇಂಟರ್ವ್ಯೂ ಮಾಡೋನು! "ಈ ಟೂಲಲ್ಲಿ ಐದು ವರ್ಷದ ಅನುಭವ ಇದೆಯಾ ಮೇಡಂ?" ಅಂತ. ಆ ಟೂಲು ಹುಟ್ಟಿ ಎರಡು ವರ್ಷ ಆಗಿತ್ತು, ಅಷ್ಟೆ. ನಾನಂದೆ, "ಸಾರ್, ಅದನ್ನ ಹೆತ್ತೋರಿಗೂ ಎರಡೇ ವರ್ಷದ ಅನುಭವ." ಟಕ್ ಅಂತ ಫೋನಿಟ್ಟ!

ನಗು, ನಗು. ಬಂದು ಒಂದು ಗಂಟೆ ಆಯ್ತು, ಈಗ ಕಾಣಿಸ್ತು ನಿನ್ನ ಹಲ್ಲು. ಚಿಕ್ಕಮ್ಮ ಫೋನಲ್ಲಿ ಅತ್ತಿದ್ದೇ ಅತ್ತಿದ್ದು... "ಸೌಂದರ್ಯಾ, ಆ ಕಂಪನಿಯಿಂದ ಮೇಲ್ ಬಂದಾಗಿಂದ ಮಗಳು ಮಾತೇ ಬಿಟ್ಟವಳೆ. ಬಿಳಿಗೆರೆಗೆ ಬಸ್ ಹತ್ತಿಸ್ತೀನಿ, ನಿನ್ನ ತಂಗಿಗೆ ನೀನೇ ಒಂದಿಷ್ಟು ಧೈರ್ಯ ಹೇಳು ತಾಯಿ" ಅಂತ. ಸರಿ, ಕೆಲಸ ಕಳ್ಕೊಂಡೋಳ ಹತ್ರ ಕೆಲಸ ಸಿಗದೋಳನ್ನ ಕಳಿಸಿದ್ದಾರೆ, ಧೈರ್ಯಕ್ಕೇನು ಬರ!

ತಗೋ, ಈ ಕಡೆ ಒಣಕಾಯಿ ರಾಶಿ ನಿಂದು. ಚಿಪ್ಪು ಬಿಡಿಸು, ಒಳಗಿನ ಉಂಡೆಗೆ ಏಟು ಬೀಳಬಾರದು. ಕೊಬ್ಬರಿ ಸೀಳಿದ್ರೆ ನಮ್ಮಮ್ಮ ನನ್ನ ಸೀಳ್ತಾಳೆ. ಆಮೇಲೆ ನಾನು ಏನಾದ್ರೂ ಹೇಳಿದ್ರೆ ಬರೀ ತಲೆ ಆಡಿಸಬೇಡ, ಹೂಂ ಅನ್ನು. ಬ್ಯಾಡವಾ? ಹೋಗ್ಲಿ ಬುಡು.

ನನ್ನ ಕತೆ ಕೇಳು ನೀನು. ಏಳು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ದೋಳು ನಾನು. ಬೇರೆಯೋರ ತಪ್ಪು ಹುಡುಕೋದೇ ಉದ್ಯೋಗ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಪಾಸ್‌ವರ್ಡ್ ತಪ್ಪು ಅಂತು. ನಾನೂ ತಪ್ಪು ಹುಡುಕ್ದೆ, ಹುಡುಕ್ದೆ... ಮಧ್ಯಾಹ್ನ ಗೊತ್ತಾಯ್ತು, ತಪ್ಪು ಪಾಸ್‌ವರ್ಡಲ್ಲಿ ಇರ್ಲಿಲ್ಲ, ಕಂಪನೀಲಿ ನಾನೇ ಇರ್ಲಿಲ್ಲ! ಮುನ್ನೂರು ಜನಾನ ಒಂದೇ ಮೇಲಲ್ಲಿ ಮನೆಗೆ ಕಳಿಸಿದ್ರು. ಕೊನೇ ಸಾಲಲ್ಲಿ "ನೀವು ನಮ್ಮ ಕುಟುಂಬ" ಅಂತ ಬೇರೆ.

ಅಲ್ಲಿಂದ ಶುರು ನೋಡು ಅರ್ಜಿ ಹಾಕೋದು. ಒಂದು ಫಾರಮ್ಮಲ್ಲಿ ಸರ್‌ನೇಮ್ ಕಡ್ಡಾಯ. ನಮಗೆಲ್ಲಿಂದ ಬರ್ಬೇಕು ಸರ್‌ನೇಮು? ಇನಿಷಿಯಲ್ ಹಾಕಿದ್ರೆ ಒಪ್ಪಲ್ಲ, ಕೆಂಪಗಾಗ್ತದೆ. ಕೊನೆಗೆ ಊರ ಹೆಸರು ಹಾಕ್ದೆ. ಮಾರನೇ ವಾರ ಮೇಲ್ ಬಂತು... "ಡಿಯರ್ ಬಿಳಿಗೆರೆ, ನಿಮ್ಮನ್ನು ಆಯ್ಕೆ ಮಾಡಲು ಸಾಧ್ಯವಾಗಿಲ್ಲ ಎಂದು ವಿಷಾದಿಸುತ್ತೇವೆ." ಊರಿಗೂರೇ ರಿಜೆಕ್ಟು ಕಣೇ! ಸಣ್ಣತಿಮ್ಮಯ್ಯನೋರು, ಬೋರಮ್ಮ, ಹಾಲಿನ ಡೇರಿ, ಎರಡು ಕೆರೆಕಟ್ಟೆ, ಎಲ್ಲಾ ಸೇರಿಸಿ ವಿಷಾದ!

ಇನ್ನೊಬ್ಬ ಇದ್ದ, ಹೆಸರು ಬ್ಯಾಡ. ವಿಡಿಯೋದಲ್ಲಿ ಬಂದೋನೇ, "ರೂಮೆಲ್ಲಾ ಕ್ಯಾಮೆರಾ ತಿರುಗಿಸಿ ತೋರ್ಸಿ, ಯಾರೂ ಉತ್ತರ ಹೇಳಿಕೊಡ್ತಿಲ್ಲ ಅಂತ ಖಾತ್ರಿ ಆಗ್ಬೇಕು" ಅಂದ. ತಿರುಗಿಸ್ದೆ. ಮೇಲೆ ಅಟ್ಟದ ತುಂಬ ಕಾಯಿ. "ಏನದು ಮೇಡಂ, ಅಷ್ಟೊಂದು ತಲೆ?" ಅಂದ. ತಲೆ! "ತೆಂಗಿನಕಾಯಿ ಸಾರ್, ಹತ್ತು ತಿಂಗಳಿಂದ ಅಲ್ಲೇ ಅವೆ. ಇಲ್ಲಿವರೆಗೂ ಒಂದೂ ಉತ್ತರ ಹೇಳಿಲ್ಲ" ಅಂದೆ. ನಗಲಿಲ್ಲ ಕಣೇ ಅವನು. ಬರ್ಕೊಂಡ!

ಇನ್ನೊಂದು ಕಂಪನಿ ಮನೇಲಿ ಮಾಡೋ ಪರೀಕ್ಷೆ ಕೊಡ್ತು. "ನಮ್ಮ ಆ್ಯಪ್ ನೋಡಿ, ತಪ್ಪು ಹುಡುಕಿ, ಸುಮ್ನೆ ನಿಮ್ಮ ಯೋಚನೆಯ ರೀತಿ ತಿಳಿಯೋಕೆ" ಅಂತ. ನಾಲ್ಕು ದಿನ ಕೂತೆ. ಹತ್ತೊಂಬತ್ತು ತಪ್ಪು, ಚಿತ್ರ ಸಮೇತ ಕಳಿಸ್ದೆ. "ನಿಮ್ಮ ಯೋಚನೆಯ ರೀತಿ ನಮಗೆ ಹೊಂದಿಕೆಯಾಗಲ್ಲ" ಅಂದ್ರು. ಎಂಟು ದಿನಕ್ಕೆ ಆ್ಯಪ್ ಅಪ್‌ಡೇಟ್ ಆಯ್ತು... ಹತ್ತೊಂಬತ್ತೂ ಸರಿ ಆಗಿದ್ವು! ಹೊಂದಿಕೆ ಆಗದೇ ಇರೋಳ ಹತ್ತೊಂಬತ್ತೂ ಹೊಂದಿಕೆ ಆಗಿದ್ವು!

ನೋಡಿದ್ಯಾ, ಮತ್ತೆ ನಕ್ಕೆ.

ಅದಕ್ಕೇ ಹೇಳೋದು, ಈ ಪಾಟಿ ಕೊರಗಬೇಡ. ಇಪ್ಪತ್ಮೂರು ವರ್ಷ ನಿಂಗೆ. ಒಂದು ಕಂಪನಿ ಬ್ಯಾಡ ಅಂದ್ರೆ ಏನಂತೆ? ಆರು ತಿಂಗಳು ಅಲ್ಲಿಗೆ ಮತ್ತೆ ಅರ್ಜಿ ಹಾಕಂಗಿಲ್ಲ, ಗೊತ್ತು. ಗೊತ್ತು ಕಣೇ. ಹೆಂಗೆ ಗೊತ್ತು ಅಂದ್ರೆ... ಎಲ್ಲಾ ಕಂಪನಿಲೂ ಹಂಗೇ ಅಲ್ವಾ, ಅದಕ್ಕೆ ಅಂದೆ. ಆದ್ರೂ ಸೋಮವಾರದಿಂದ ತಿಪಟೂರು ಕೊಬ್ಬರಿ ಮಂಡೀಲಿ ಬಿಲ್ ಟೈಪ್ ಮಾಡಕ್ಕೆ ಹೋಗ್ತೀನಿ ಅಂದ್ಯಂತೆ? ಚಿಕ್ಕಪ್ಪನೂ ಹೂಂ ಅಂದ್ರಂತೆ? ಮಂಡಿ ಕೆಲಸ ಕೀಳು ಅಂತಲ್ಲ. ಆದ್ರೆ ಯಾರತ್ರನೂ ಮಾತಾಡೋ ಹಂಗಿಲ್ಲ, ಬರೀ ಟೈಪ್ ಮಾಡಿದ್ರೆ ಸಾಕು ಅಂತ ಆರಿಸ್ಕೊಂಡ್ಯಂತಲ್ಲ, ಅದು ನಂಗೆ... ಅದು ಸರಿ ಅಲ್ಲ ಭವ್ಯಾ.

ಎಲ್ಲಾ ಆ ಮೇಲಲ್ಲಿದ್ದ ಒಂದು ಸಾಲಿಗೆ. "ಮಾತಿನಲ್ಲಿ ಸ್ಪಷ್ಟತೆ ಇಲ್ಲ." ಥೂ! ಅದನ್ನೂ ಒಂದು ಮಾತು ಅಂತ ಎದೆಗೆ ಹಾಕ್ಕೊಂಡು... ಎದುರಿಗೆ ಮನುಷ್ಯರೇ ಇಲ್ಲದ ಇಂಟರ್ವ್ಯೂ ಅದು. ಸ್ಕ್ರೀನ್ ಮೇಲೆ ಪ್ರಶ್ನೆ ಬೀಳ್ತದೆ, ಗಡಿಯಾರ ಓಡ್ತದೆ, ನಿನ್ನ ಮುಖ ನೋಡ್ಕೊಂಡು ನೀನೇ ಮಾತಾಡು. ಹುಚ್ಚಾಸ್ಪತ್ರೇಲೂ ಯಾರಾದ್ರೂ ಹೂಂ ಅಂತಾರೆ! ಇಲ್ಲಿ ಅದೂ ಇಲ್ಲ. ಮುಗಿದ್ಮೇಲೆ ಒಂದು ಬೀಪ್. ನೀನು ಬೇರೆ ಪಾಪ, ಆ ಖಾಲಿ ಸ್ಕ್ರೀನಿಗೆ ಕೈ ಮುಗಿದು "ಥ್ಯಾಂಕ್ಯೂ ಸಾರ್" ಅಂದು...

ಏನು?

ಯಾಕೆ ಕೈ ನಿಲ್ಲಿಸ್ದೆ?

ಹೌದಲ್ವಾ, ಕೈ ಮುಗಿದೆ ಅಂತ ನೀನೇ ಹೇಳಿದ್ದೆ... ಫೋನಲ್ಲಿ. ಇಲ್ವಾ? ಹಂಗಾದ್ರೆ ಚಿಕ್ಕಮ್ಮ ಹೇಳಿರಬೇಕು. ಹೂಂ, ಚಿಕ್ಕಮ್ಮನೇ... ಚಿಕ್ಕಮ್ಮ ಅವತ್ತು ತುರುವೇಕೆರೆಗೆ ಮದುವೆಗೆ ಹೋಗಿದ್ರು, ಅಲ್ವಾ. ಮನೇಲಿ ಯಾರೂ ಇರ್ಲಿಲ್ಲ. ನೀನು ಬಾಗಿಲು ಹಾಕ್ಕೊಂಡಿದ್ದೆ.

ನೋಡಬೇಡ ಹಂಗೆ. ಸುಮ್ನೆ ಊಹೆ ಮಾಡ್ದೆ ಕಣೇ. ನಿನ್ನ ಸ್ವಭಾವ ನಂಗೊತ್ತಿಲ್ವಾ? ಚಿಕ್ಕೋಳಿದ್ದಾಗ ಬಸ್ಸಿನ ಕಂಡಕ್ಟರಿಗೂ ಕೈ ಮುಗೀತಿದ್ದೆ. ಅದಕ್ಕೇ ಅಂದ್ಕೊಂಡೆ, ಮುಗಿದಿರಬೇಕು ಅಂತ... ಇನ್ನೇನು?

ಏನಾದ್ರೂ ಅನ್ನೇ. 

...

ಈಗ ಮಾಡ್ತಿದ್ದ ಕೆಲಸ ಡಾಟಾ ಎಂಟ್ರಿ ಅಂತ ಹೇಳಿದ್ದೆ ಎಲ್ಲರಿಗೂ. ಮನೇಲೇ ಕೂತು ಡಾಟಾ ಎಂಟ್ರಿ. ಅದಲ್ಲ ನಾನು ಮಾಡೋದು. ಆ ಇಂಟರ್ವ್ಯೂ ವಿಡಿಯೋಗಳಿವೆಯಲ್ಲ... ಯಂತ್ರ ನೋಡ್ತದೆ, ಯಂತ್ರ ಅಂಕ ಹಾಕ್ತದೆ ಅಂತ ನಿಮಗೆಲ್ಲಾ ಹೇಳ್ತಾರಲ್ಲ. ಯಂತ್ರ ಎಲ್ಲಿ ಬಂತು? ನಾವೇ ಕಣೇ ಯಂತ್ರ. ನನ್ನಂಗೆ ಕೆಲಸ ಇಲ್ಲದೋರನ್ನ ಒಂದು ಏಜೆನ್ಸಿ ಹಿಡಿದು ಕೂರಿಸಿದೆ. ದಿನಕ್ಕೆ ನಲವತ್ತು ವಿಡಿಯೋ. ನಂಗೆ ಕೆಲಸ ಕೊಡದೇ ಇರೋ ಕಂಪನಿಗಳಿಗೆ ಯಾರಿಗೆ ಕೆಲಸ ಕೊಡಬೇಕು ಅಂತ ನಾನು ಹೇಳೋದು. ಯಾಕೆ ನಗಲ್ಲ? ಇದಕ್ಕೆ ನಗಬೇಕಿತ್ತು ನೀನು.

ಅವತ್ತು ಹನ್ನೊಂದನೇದು ತೆಗೆದೆ. ನೀನು. ಹಸಿರು ಚೂಡಿದಾರ, ಹಿಂದೆ ನಿಮ್ಮ ಮನೆ ಕ್ಯಾಲೆಂಡರು.

ಪರಿಚಯದೋರು ಬಂದ್ರೆ ಒಂದು ಗುಂಡಿ ಒತ್ತಬೇಕು, ಅದು ಬೇರೆಯೋರಿಗೆ ಹೋಗ್ತದೆ. ನಿಯಮ. ಒತ್ತಕ್ಕೆ ಹೋದೆ, ಆಮೇಲೆ ಅಂದ್ಕೊಂಡೆ... ಬೇರೆಯೋರಿಗೆ ಯಾಕೆ, ನಾನೇ ಪೂರ್ತಿ ಅಂಕ ಹಾಕಿ ಕಳಿಸ್ತೀನಿ, ನಮ್ಮ ಭವ್ಯ ಅಲ್ವಾ ಅಂತ. ಆಣೆ ಮಾಡ್ತೀನಿ, ಮೊದಲು ಹಂಗೇ ಅಂದ್ಕೊಂಡಿದ್ದು. ಆಮೇಲೆ ನೋಡ್ತಾ ಕೂತೆ. ನಿಮ್ಮೂರ ಡೇರೀಲಿ ಹಾಲು ಹಾಕೋ ಹೆಂಗಸರಿಗೆ ಓದಕ್ಕೆ ಬರಲ್ಲ ಅಂತ, ಅವರಿಗೆ ಧ್ವನೀಲೇ ಲೆಕ್ಕ ಹೇಳೋ ಆ್ಯಪ್ ಮಾಡಿದ್ಯಲ್ಲ, ಅದನ್ನ ನೀನು ಹೇಳ್ದೆ. ತಡವರಿಸಲಿಲ್ಲ. ಮೊದಲ ಸಲ ಯಾಕೆ ಕೆಟ್ಟೋಯ್ತು, ಹೆಂಗೆ ಸರಿ ಮಾಡ್ದೆ, ಒಂದೊಂದಾಗಿ...

"ಅಕ್ಕಾ, ಸ್ವಲ್ಪ ನಿಧಾನ" ಅಂತ ನನ್ನ ಹಿಂದೆ ಓಡಿ ಬರ್ತಿದ್ದ ಹುಡುಗಿ ನೀನು. ನಾನು ಹೇಳಿಕೊಟ್ಟಿದ್ದು ಕಂಪ್ಯೂಟರ್ ಹಾಕೋದು ಆರ್ಸೋದು.

ಚೆನ್ನಾಗಿತ್ತು ಭವ್ಯಾ. ಅದೇ ತೊಂದರೆ ಆಗಿದ್ದು. ಬೆಳಿಗ್ಗೆ ತಾನೇ ಆರನೇ ಕಂಪನಿ ನನ್ನ ಬ್ಯಾಡ ಅಂದಿತ್ತು. ಏಳು ವರ್ಷದ ಅನುಭವ ಮಡಿಲಲ್ಲಿ ಇಟ್ಕೊಂಡು ಇಲ್ಲಿ ಕೂತಿದೀನಿ, ಇವಳು ಕಾಲೇಜಿಂದ ಈಗ ಬಂದೋಳು, ನನ್ನ ದಾಟಿ ಹೋಗಿಬಿಡ್ತಾಳಲ್ಲ ಅನ್ನಿಸ್ತು. ದೀಪಾವಳಿಗೆ ಬಂದಾಗ ಚಿಕ್ಕಮ್ಮ, "ನಮ್ಮ ಭವ್ಯಂಗೆ ಕೆಲಸ ಆಯ್ತು, ನಿಂದೇನಾಯ್ತು ಸೌಂದರ್ಯಾ?" ಅಂತಾರಲ್ಲ ಅನ್ನಿಸ್ತು. ಒಂದು ನಿಮಿಷ ಅನ್ನಿಸಿದ್ದು. ಆ ಒಂದು ನಿಮಿಷದಲ್ಲಿ ಐದಕ್ಕೆ ಎರಡು ಒತ್ತಿದೆ.

ಎರಡು ಒತ್ತಿದ್ರೆ ಕಾರಣ ಕೇಳ್ತದೆ. ಪಟ್ಟಿ ಬರ್ತದೆ. "ಮಾತಿನಲ್ಲಿ ಸ್ಪಷ್ಟತೆ ಇಲ್ಲ" ಮೊದಲನೇದು. ನಾನು ಅದನ್ನ ಓದ್ಲೂ ಇಲ್ಲ ಕಣೇ, ಮೊದಲನೇದು ಅಂತ ಒತ್ತಿದ್ದು. ಅದು ನಿನಗೆ ಮೇಲಲ್ಲಿ ಹೋಗ್ತದೆ ಅಂತ ಗೊತ್ತಿರ್ಲಿಲ್ಲ. ನೀನು ಅದನ್ನ ಓದಿ ಬಾಯಿ ಮುಚ್ಕೊಳ್ತೀಯ ಅಂತ... ನಾನು...

ನಿನ್ನೆ ಏಜೆನ್ಸಿಗೆ ಬರೆದೆ. ಇವಳು ನನ್ನ ಪರಿಚಯದೋಳು, ಅದನ್ನ ನಾನು ಮುಚ್ಚಿಟ್ಟೆ, ಆ ಅಂಕ ರದ್ದು ಮಾಡಿ, ಬೇರೆಯೋರು ನೋಡಲಿ ಅಂತ. ಸಂಜೆಗೇ ನನ್ನ ಲಾಗಿನ್ ಮುಚ್ಚಿದ್ರು. ಅದು ಹೋಗ್ಲಿ. ನಿಂದು ಮತ್ತೆ ನೋಡ್ತೀವಿ ಅಂತಾನೂ ಹೇಳಿಲ್ಲ, ನೋಡಲ್ಲ ಅಂತಾನೂ ಹೇಳಿಲ್ಲ. ಮಾಡಬೇಕಾದ್ದು ಮಾಡಿದೀನಿ, ಇವಳಿಗೆ ಹೇಳೋದೇನು ಬೇಕಿಲ್ಲ, ನಗಿಸಿ ಕಳಿಸಿದ್ರೆ ಸಾಕು ಅಂದ್ಕೊಂಡಿದ್ದೆ. ಅದಕ್ಕೇ ನೀನು ಬಂದಾಗಿಂದ ಇಷ್ಟು ಮಾತು.

ಬಯ್ಯೇ. ಒಂದು ಸಲ ಬಯ್ದು ಬುಡು. ಕೈಲಿರೋದನ್ನ ಎತ್ತಿ ಹೊಡಿ ಬೇಕಾದ್ರೆ. ಹಿಂಗೆ ಕೂರಬೇಡ... ಅಳ್ತಿದೀಯಾ? ಅಳ್ತಾನೂ ಇಲ್ಲವಲ್ಲ.

ಹಾಂ? ಬಂದೆ ಅಮ್ಮಾ! ಅಯ್ಯೋ, ನೀನೇ ಬಂದ್ಯಾ? ಏನಿಲ್ಲ, ಸುಮ್ನೆ ಇಬ್ಬರೂ ಇಂಟರ್ವ್ಯೂ ವಿಷಯ ಮಾತಾಡ್ತಾ... ಭವ್ಯಂಗೆ ಒಂಚೂರು ತಲೆನೋವಂತೆ, ಅದಕ್ಕೇ ಮಂಕಾಗಿ...

...

ಇಲ್ಲಮ್ಮ. ತಲೆನೋವಲ್ಲ. ಆ ಕಾಫಿ ಲೋಟ ಕೆಳಗಿಡು, ನೀನೂ ಕೂತ್ಕೋ. ನಿನ್ನ ಫೋನ್ ಕೊಡು. ಕೊಡಮ್ಮ, ಆಮೇಲೆ ಹೇಳ್ತೀನಿ ಯಾಕೆ ಅಂತ... ಏಳಬೇಡ ಭವ್ಯಾ, ನೀನೂ ಕೇಳಿಸ್ಕೋ.

ಹಲೋ... ಚಿಕ್ಕಮ್ಮಾ? ನಾನು, ಸೌಂದರ್ಯ. ಚಿಕ್ಕಪ್ಪ ಹತ್ರ ಇದ್ರೆ ಅವರನ್ನೂ ಕರೀರಿ. ಭವ್ಯನ ಮಾತಲ್ಲಿ ಏನೂ ತಪ್ಪಿರ್ಲಿಲ್ಲ ಚಿಕ್ಕಮ್ಮ.