ಅತ್ತೆ ಗಂಟು

ನಿಧಿಗೆಲ್ಲ ಸರ್ಪ ಕಾವಲಿದ್ದ ಕಾಲವೊಂದಿತ್ತಂತೆ. ಬಟ್ಟೆ ಕಾರ್ಖಾನೆಯ ಹೊಲಿಗೆಯವರ ಸಂಘದ ನಿಧಿಗೆ ಖಜಾಂಚಿ ಅಕ್ಕನೇ ಕಾವಲು. ಬ್ಯಾಂಕಿನ ಸಾಲಿನಲ್ಲಿ ಅವಳೂ ಗುಂಡಿ ಹಾಕುವ ಗೆಳತಿಯೂ ಆಡುತ್ತಿದ್ದ ಮಾತು ಹಿಂದೆ ನಿಂತ ಹುಡುಗಿಗೆ ಕೇಳುತ್ತಿತ್ತು.

"ಸಂಘದ ದುಡ್ಡಿಗೆ ಅತ್ತೆ ಗಂಟು ಅಂತ ಯಾಕಕ್ಕಾ ಹೆಸರಿಟ್ಟೆ?"

"ಸಂಘದ್ದು ಅಂದ್ರೆ ಎಲ್ರೂ ಕೈ ಹಾಕ್ತಾರೆ. ಅತ್ತೇದು ಅಂದ್ರೆ ಯಾರಿಗೇ ಧೈರ್ಯ?"

"ಅಧ್ಯಕ್ಷರು ಕುರ್ಚಿ ಕೊಳ್ಳೋಕೆ ಕೇಳಿದ್ರೂ ನೀನು ದುಡ್ಡು ಕೊಡ್ಲಿಲ್ಲ. ಜಿಪುಣಿ ಅಂತ ನಾನೂ ಬೈದೆ."

"ಕೇಳಿಸ್ತು ಬಿಡೇ. ಕಾರ್ಖಾನೆ ಮುಚ್ಚಿದ್ರೂ ಎಲ್ಲರ ಒಲೆ ಉರಿಸ್ತೀನಿ ಅಂತ ನಾನು ಮಾತು ಕೊಟ್ಟಿದ್ನಲ್ಲ."

"ಈಗ ಮುಚ್ಚೇ ಬಿಟ್ರು. ಎಲ್ರಿಗೂ ಸಾಕಾಗುತ್ತಾ?"

"ಎರಡು ತಿಂಗಳು ಯಾರೂ ಸಾಲ ಮಾಡೋದು ಬೇಡ."

ಗೆಳತಿ ಬೆರಗಾಗಿ ಬಾಯಿ ಮೇಲೆ ಕೈಯಿಟ್ಟಳು. ಕಿಟಕಿಯಿಂದ ಹಣ ಬಂತು. ಅಕ್ಕ ಎಣಿಸಿ ಚೀಲಕ್ಕೆ ತುಂಬಿ, ಚೀಲವನ್ನು ಬೈದವಳ ಹೆಗಲಿಗೇ ಹಾಕಿದಳು.

"ನಡಿ, ಮೊದ್ಲು ನಮ್ಮ ಸಂಘದ ಬಾಣಂತಿ ಮನೆಗೆ ಕೊಡೋಣ."

ಇಬ್ಬರೂ ಬಿಸಿಲಿಗಿಳಿದು ಹೊರಟೇಬಿಟ್ಟರು.